ಬೆಟ್ಟದ ಕೋಟೆಯ ಬೋಳು ಬಂಡೆ

ಮಾರ್ಚ್ ೩, ಸೋಮವಾರ

ನಮ್ಮ ಮೇಲುಬೀದಿಗೆ ಬರಬೇಕಿದ್ದ ನೀರನ್ನು ಸತ್ತವರ ಹೆಸರಿನಲ್ಲಿ ತಡೆದಿದ್ದಾರೆ. ಇದು ಅನ್ಯಾಯ. ಇದಕ್ಕಿಂತ ಮೆತ್ತನೆಯ ಪದ ನನ್ನ ಬಳಿ ಇಲ್ಲ, ಹುಡುಕುವುದೂ ಇಲ್ಲ.

ಬೆಟ್ಟದ ತುದಿಯಲ್ಲಿ ನೀರಿನ ತೊಟ್ಟಿ ಕಟ್ಟುವುದೆಂದು ಪುರಸಭೆ ಕಳೆದ ವರ್ಷವೇ ಒಪ್ಪಿತ್ತು. ಕೊಳವೆಗಳು ಬಂದು ರಸ್ತೆ ಬದಿಯಲ್ಲಿ ಬಿದ್ದಿವೆ. ಒಂದರೊಳಗೆ ಬೆಕ್ಕು ಮರಿ ಹಾಕಿದೆ. ಇವತ್ತು ಪುರಸಭೆಯ ಹಲಗೆಯ ಮೇಲೆ ಪ್ರಕಟಣೆ ಅಂಟಿಸಿದ್ದಾರೆ. ಬೆಟ್ಟದ ಮೇಲಿರುವುದು ಚರಿತ್ರೆಗೂ ಹಿಂದಿನ ಕೋಟೆಯಂತೆ. ಅದರೊಳಗಿನ ಬಂಡೆಯ ಮೇಲೆ ಮೂರು ಸಾವಿರ ವರ್ಷದ ಕೆತ್ತನೆಗಳಿವೆಯಂತೆ. ತಜ್ಞರು ಬಂದು ನೋಡುವ ತನಕ ಕೆಲಸ ನಿಲ್ಲಿಸಲಾಗಿದೆಯಂತೆ.

ಕೋಟೆ! ಆ ಬೆಟ್ಟದ ಮೇಲೆ ಆಡಿ ಬೆಳೆದವಳು ನಾನು. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಮೂರು ಸುತ್ತು, ಸೊಂಟದೆತ್ತರ, ಸಂದಿ ಸಂದಿಗೂ ಹಲ್ಲಿ. ಅದು ಕೋಟೆಯಾದರೆ ನಮ್ಮ ಮೂಲೆಯ ಚಹಾದಂಗಡಿ ಅರಮನೆ. ಕೆತ್ತನೆಯನ್ನಂತೂ ನಾನು ಕಂಡೇ ಇಲ್ಲ.

ಮೂರು ಸಾವಿರ ವರ್ಷದ ಹಿಂದೆ ಸತ್ತವರಿಗೆ ಬಾಯಾರಿಕೆಯಿಲ್ಲ. ನನ್ನ ಅಕ್ಕನಿಗಿದೆ. ಲಾಡ್ಜುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡಿ ಅವಳು ಮನೆ ನಡೆಸುತ್ತಾಳೆ, ಮನೆಯಲ್ಲಿ ನಾವಿಬ್ಬರೇ. ಒಗೆಯುವ ನೀರನ್ನೆಲ್ಲ ಕೆಳಬೀದಿಯ ನಲ್ಲಿಯಿಂದ ಹೊತ್ತು ತರಬೇಕು. ಮನೆಗೆ ನಲ್ಲಿ ಬಂದರೆ ಆಸ್ಪತ್ರೆಯ ಬಟ್ಟೆ ಪೂರ್ತಿ ನಿನಗೇ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಅವಳು ಆಗಲೇ ಹಿತ್ತಲಲ್ಲಿ ಹೊಸ ತಂತಿ ಕಟ್ಟಿದ್ದಾಳೆ.

ಇದನ್ನು ಬರೆಯುತ್ತಿರುವಾಗ ಅಕ್ಕ ಮತ್ತೊಂದು ಸಲ ಕೊಡ ಹೊತ್ತು ಬಂದಳು.

"ಲೋಕೋದ್ಧಾರ ಮುಗೀತಾ? ಇನ್ನೂ ಇದೆಯಾ?"

ಇನ್ನೂ ಇದೆ ಎಂದೆ. ಹೋರಾಟದ ಹೊತ್ತಿನಲ್ಲಿ ಬರವಣಿಗೆಯಿಂದ ಏಳಬಾರದು ಎಂದು ಒಂದು ಕರಪತ್ರದಲ್ಲಿ ಓದಿದ್ದೇನೆ.

ಮಾರ್ಚ್ ೭, ಶುಕ್ರವಾರ

ತಜ್ಞೆ ಬಂದು ಮೂರು ದಿನವಾಯಿತು. ಒಬ್ಬರೇ. ಅಗಲ ಅಂಚಿನ ಟೋಪಿ, ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ, ತಗಡಿನ ಪೆಟ್ಟಿಗೆ, ಸುರುಳಿ ಸುತ್ತಿದ ಪ್ಲಾಸ್ಟಿಕ್ ಹಾಳೆ. ಏನು ಕೆಲಸ ಎಂದು ಲಾಡ್ಜಿನವನು ಕೇಳಿದ್ದಕ್ಕೆ "ಗೆರೆ ಎಳೆಯೋದು" ಅಂದರಂತೆ. ಸಂಜೆಯೊಳಗೆ ಬೀದಿಗೆಲ್ಲ ಅವರು ಗೆರೆ ಮೇಡಂ ಆದರು.

ಆ ಲಾಡ್ಜಿನ ಬಟ್ಟೆ ಬರುವುದು ನಮ್ಮ ಮನೆಗೇ. ಹಾಗಾಗಿ ಶತ್ರುಪಾಳಯದ ಸುದ್ದಿ ನನಗೆ ಹಾಸಿಗೆಯಿಂದಲೇ ಸಿಗುತ್ತದೆ.

"ಆಯಮ್ಮ ದಿನಕ್ಕೆರಡು ಸಲ ಬೆಟ್ಟ ಹತ್ತುತ್ತಾಳಂತೆ ಕಣೆ," ಅಂದಳು ಅಕ್ಕ. "ಬೆಳಕು ಹರಿಯೋಕೆ ಮುಂಚೆ ಹೋಗಿ ಬಿಸಿಲೇರಿದ ಕೂಡ್ಲೇ ವಾಪಸ್ಸು. ಮಧ್ಯಾಹ್ನ ಪೂರ್ತಿ ನಿದ್ದೆ. ಸಂಜೆಗೆ ಮತ್ತೆ ಹೊರಡೋದು."

"ಮಧ್ಯಾಹ್ನ ಪೂರ್ತಿ?"

"ಕಿಟಕಿ ಪರದೆ ಎಳ್ಕೊಂಡು."

ಇದನ್ನು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದೇನೆ. ಜನರ ನೀರನ್ನು ನಿಲ್ಲಿಸಿದವರು ಜನರ ಹಗಲನ್ನು ಪರದೆ ಎಳೆದುಕೊಂಡು ಕಳೆಯುತ್ತಾರೆ. ಅಲ್ಲಿ ನೋಡುವಂಥದ್ದು ಏನಾದರೂ ಇದ್ದಿದ್ದರೆ ಪಳಪಳ ಹೊಳೆಯುವ ಮಟಮಟ ಮಧ್ಯಾಹ್ನವನ್ನು ಯಾರಾದರೂ ಬಿಡುತ್ತಾರೆಯೇ? ಜನರೇ ಹೋಗಿ ನೋಡಬೇಕು. ಅದೂ ಪೂರ್ತಿ ಬೆಳಕಿನಲ್ಲಿ, ಒಂದು ಮೂಲೆಯಲ್ಲೂ ನೆರಳಿರದ ಹೊತ್ತಿನಲ್ಲಿ.

ಮಾರ್ಚ್ ೯, ಭಾನುವಾರ

ಜನತೆ ಎದ್ದಿತು! ಹನ್ನೆರಡು ಗಂಟೆಗೆ ಸರಿಯಾಗಿ ಮೂವತ್ತು ಜನ ಬೆಟ್ಟದ ಮೇಲಿದ್ದೆವು. ದರ್ಜಿ ಬಂದ. ನಿವೃತ್ತ ಕಂಡಕ್ಟರ್ ತಾತ ಬಂದರು. ಹಳೆಯ ಸೀಟಿ ಊದುತ್ತ, "ಹತ್ರೀ ಹತ್ರೀ, ಟಿಕೆಟ್ ಇಲ್ಲದೆ ಹತ್ತಿಸ್ತಿರೋದು ಇದೇ ಮೊದಲು," ಎಂದು ಎಲ್ಲರನ್ನೂ ನಗಿಸಿದರು. ಎರಡನೇ ಸುತ್ತಿನ ಗೋಡೆಯಲ್ಲಿರುವ ಕಂಡಿಯನ್ನು ದಾಟಿದರೆ ಪಶ್ಚಿಮಕ್ಕೆ ವಾಲಿಕೊಂಡ ದೊಡ್ಡ ಬಂಡೆ. ಗೆರೆ ಮೇಡಂ ಅದರ ಸುತ್ತ ಹಗ್ಗ ಕಟ್ಟಿದ್ದಾರೆ. ಹಗ್ಗದೊಳಗೆ ಕಣ್ಣು ಕೋರೈಸುವ ಬೂದು ಕಲ್ಲು, ಅಷ್ಟೇ.

"ಕಾಣಿಸ್ತಾ ತಾತ?" ದರ್ಜಿ ಕೇಳಿದ.

"ನಿನ್ನ ಬೆವರು ಕಾಣಿಸ್ತು."

ಎಲ್ಲರೂ ಬಗ್ಗಿ ನೋಡಿದೆವು. ಕೂತು ನೋಡಿದೆವು. ನಾನು ಅಂಗೈ ಆಡಿಸಿಯೂ ನೋಡಿದೆ. ಅಲ್ಲಲ್ಲಿ ಕೋಳಿ ಕೆದಕಿದ ಹಾಗೆ ಒರಟು. ಬಂಡೆ ಎಂದ ಮೇಲೆ ಒರಟು ಇರುವುದೇ.

"ಇದಕ್ಕೋಸ್ಕರ ನಮ್ಮ ನೀರು ನಿಂತಿದೆಯಾ?" ದರ್ಜಿ ಕೂಗಿದ. ಅವನ ತಾಯಿ ಹಾಸಿಗೆ ಹಿಡಿದಿದ್ದಾಳೆ. ಅವಳನ್ನು ತೊಳೆಯುವ ನೀರನ್ನೂ ಅವನೇ ಹೊರಬೇಕು.

ಇಳಿಯುವಾಗ ಕಾಲು ನೆಲ ಮುಟ್ಟುತ್ತಿರಲಿಲ್ಲ. ಸತ್ಯವನ್ನು ಕಣ್ಣಲ್ಲಿ ಕಂಡವರಿಗೆ ಹೀಗೇ ಆಗುತ್ತದೆ.

ಮಾರ್ಚ್ ೧೦, ಸೋಮವಾರ

ಕರಪತ್ರ ಅಚ್ಚಾಯಿತು. ನಾನು ಕೆಲಸ ಮಾಡುವ ಪ್ರೆಸ್ಸು ಸೋದರಮಾವನದ್ದೇ ಆದ್ದರಿಂದ ಕಾಗದಕ್ಕೆ ಗೋಗರೆಯಬೇಕಾಗಿಲ್ಲ. ಆದರೆ ಮಾವ ತಿದ್ದದೆ ಏನನ್ನೂ ಬಿಡುವುದಿಲ್ಲ.

"ಕಣ್ಣಾರೆ ಕಂಡೆವು! ಬಂಡೆ ಬೋಳು!! ಮೋಸ ಸಾಕು!!!" ಎಂದು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಈ ಆಶ್ಚರ್ಯಚಿಹ್ನೆಯ ಅಚ್ಚುಮೊಳೆ ಎಲ್ಲಾ ಖಾಲಿಯಾಯ್ತಲ್ಲಮ್ಮ. ಇನ್ನೊಂದು ಬೇಕಾದ್ರೆ ಬೇರೆ ಪ್ರೆಸ್ಸಿಂದ ಸಾಲ ತರ್ಬೇಕು."

"ಸತ್ಯಕ್ಕೆ ಗಂಟಲು ಬೇಕು ಮಾವ."

"ಗಂಟಲಿಗೇನೂ ಕೊರತೆ ಇಲ್ಲ. ನೋಡಿದ್ದು ಒಂದು ಸಲ ತಾನೆ?"

"ಮೂವತ್ತು ಜನ ನೋಡಿದ್ದೀವಿ."

"ಹೌದಪ್ಪಾ. ಮೂವತ್ತು ಜನ, ಒಂದು ಸಲ."

ಮಾವ ಒಳ್ಳೆಯವರು. ಆದರೆ ಮಧ್ಯಮ ಮಾರ್ಗಿ. ಅಂಥವರಿಂದ ಚರಿತ್ರೆ ಮುಂದಕ್ಕೆ ಹೋಗುವುದಿಲ್ಲ, ಅಕ್ಷರದೋಷ ಕಡಿಮೆಯಾಗುತ್ತದೆ ಅಷ್ಟೇ.

ಮಾರ್ಚ್ ೧೨, ಬುಧವಾರ

ಗೆದ್ದೆವು.

ಪುರಸಭೆಯಲ್ಲಿ ನನ್ನ ಕರಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದರಂತೆ. ಗೆರೆ ಮೇಡಂ ಫೋಟೋಗಳನ್ನು ಮೇಜಿನ ಮೇಲಿಟ್ಟರಂತೆ. "ಫೋಟೋದಲ್ಲಿ ಏನು ಬೇಕಾದ್ರೂ ಬರಿಸಬಹುದು, ಮೂವತ್ತು ಜನರ ಕಣ್ಣು ಸುಳ್ಳಾಗುತ್ತಾ?" ಎಂದು ಸದಸ್ಯರು ಕೇಳಿದರಂತೆ. ತಡೆ ತೆಗೆದುಹಾಕಿದ್ದಾರೆ. ನಾನು ಕೇಳದೆಯೇ ಅಕ್ಕ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟಳು.

ಮಾರ್ಚ್ ೧೩, ಗುರುವಾರ

ಇದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಕೋಟೆಯ ಕಂಡಿಯಲ್ಲೂ ಒಂದು ಕರಪತ್ರ ಅಂಟಿಸಬೇಕು, ಗೆರೆ ಮೇಡಂ ದಿನಾ ಅದನ್ನು ಓದಿಕೊಂಡೇ ಒಳಗೆ ಹೋಗಬೇಕು ಎಂದು ಗೋಂದಿನ ಡಬ್ಬಿ ಹಿಡಿದು ಸಂಜೆ ಬೆಟ್ಟ ಹತ್ತಿದೆ. ಪ್ರೆಸ್ಸು ಮುಚ್ಚಿ ಹೊರಟದ್ದರಿಂದ ಮೇಲೆ ಹೋಗುವಷ್ಟರಲ್ಲಿ ಸೂರ್ಯ ಎದುರು ಗುಡ್ಡದ ಮೇಲೆ ಕೂತಿದ್ದ. ಮೇಡಂ ಬಂಡೆಯ ಪಕ್ಕದಲ್ಲಿ ಹೊಟ್ಟೆಯಡಿಯಾಗಿ ಮಲಗಿದ್ದರು. ಮಲಗುವುದಕ್ಕೆ ಇವರಿಗೆ ಹೊತ್ತುಗೊತ್ತಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಂಡೆ ನೋಡಿದೆ.

ಎತ್ತುಗಳು ನಿಂತಿದ್ದವು.

ಮೊದಲು ಒಂದು. ನನ್ನ ತೋಳಿನಷ್ಟು ಉದ್ದದ ಕೊಂಬು, ಹಿಂದೆ ಡುಬ್ಬ, ಕೆಳಗೆ ನಾಲ್ಕು ಸಣ್ಣ ಕಾಲು. ಬಿಸಿಲು ಇಳಿದಂತೆಲ್ಲ ಅದರ ಹಿಂದಿನದು ಎದ್ದಿತು, ಅದರ ಹಿಂದಿನದು, ಆಮೇಲೆ ಅವುಗಳ ಮಧ್ಯೆ ಕೈಚಾಚಿ ನಿಂತ ಮನುಷ್ಯರು. ಬೂದು ಕಲ್ಲಿನೊಳಗಿಂದ ಮಂದೆ ಹೊರಗೆ ಬರುತ್ತಿತ್ತು, ಸದ್ದಿಲ್ಲದೆ.

"ಬೋಳು ಬಂಡೆಯವರು ನೀವೇ ಅಲ್ವಾ?" ಮೇಡಂ ತಲೆ ಎತ್ತದೆ ಕೇಳಿದರು. "ಆ ಗೋಂದು ಸ್ವಲ್ಪ ದೂರ ಇಟ್ಕೊಳ್ಳಿ."

"ಇವನ್ನ ಯಾವಾಗ ಕೆತ್ತಿದ್ರಿ?"

"ನನಗೆ ಅಷ್ಟು ಚೆನ್ನಾಗಿ ಬರೋ ಹಾಗಿದ್ರೆ ಈ ಕೆಲಸ ಯಾಕೆ ಮಾಡ್ತಿದ್ದೆ?"

"ಭಾನುವಾರ ಇರಲಿಲ್ಲ ಇವು."

"ಎಷ್ಟು ಹೊತ್ತಿಗೆ ಬಂದಿದ್ರಿ?"

"ಹನ್ನೆರಡಕ್ಕೆ."

ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. "ನೆತ್ತಿ ಮೇಲಿನ ಬಿಸಿಲಲ್ಲಿ ನನಗೂ ಏನೂ ಕಾಣಲ್ಲ. ಅದಕ್ಕೇ ಮಧ್ಯಾಹ್ನ ಮಲಗ್ತೀನಿ. ಕಲ್ಲಿಂದ ಕುಟ್ಟಿ ಕುಟ್ಟಿ ಮಾಡಿದ ಗೆರೆ ಇವು. ಆಳ ಅಂದ್ರೆ ಉಗುರಿನಷ್ಟು. ಬಿಸಿಲು ಅಡ್ಡ ಬಿದ್ದಾಗ ಮಾತ್ರ ಅದರೊಳಗೆ ನೆರಳು ನಿಲ್ಲುತ್ತೆ."

ಆಮೇಲೆ ಸೂರ್ಯ ಇಳಿದ, ಮಂದೆ ಹೋಯಿತು. ಕರಪತ್ರ ಅಂಟಿಸಲಿಲ್ಲ. ಗೋಂದು ಒಣಗಿತ್ತು.

ಇದರಿಂದ ವಾದವೇನೂ ಬದಲಾಗುವುದಿಲ್ಲ. ಎತ್ತು ಎತ್ತೇ, ನೀರು ನೀರೇ.

ಮಾರ್ಚ್ ೧೪, ಶುಕ್ರವಾರ

ಶತ್ರುವಿನ ಚಲನವಲನ ಗಮನಿಸಲು ಇವತ್ತೂ ಹೋಗಿದ್ದೆ. ಶತ್ರು ಬಿಸ್ಕತ್ತು ಕೊಟ್ಟರು. ಎಡಗಡೆ ಇನ್ನೂ ಎರಡು ಎತ್ತುಗಳಿವೆ.

ಮಾರ್ಚ್ ೧೭, ಸೋಮವಾರ

ಕೊಡಗಳನ್ನೆಲ್ಲ ತುಂಬಿಟ್ಟು ಹೊರಡುವಷ್ಟರಲ್ಲಿ ಇವತ್ತು ಸ್ವಲ್ಪ ತಡವಾಯಿತು. ಆದರೂ ಬೆಳಗಿನ ಬೆಳಕು ಸಿಕ್ಕಿತು. ಬೆಳಿಗ್ಗೆ ಬಿಸಿಲು ಬೆಟ್ಟದ ಬೆನ್ನ ಮೇಲಿಂದ ಜಾರಿ ಬರುತ್ತದೆ. ಸಂಜೆ ಕಾಣದ ಗೆರೆಗಳು ಆಗ ಕಾಣುತ್ತವೆ.

ಮಧ್ಯದ ದೊಡ್ಡ ಎತ್ತಿಗೆ ಮೂರು ಕೊಂಬು. ಇದೇನು, ದೇವತೆಯೋ ದೆವ್ವವೋ ಎಂದು ಕೇಳಿದೆ.

"ಯಾವುದೂ ಅಲ್ಲ. ಇಲ್ಲಿ ನೋಡಿ, ಈ ಗೆರೆ ಹಗುರ. ಮೊದಲು ಕೊಂಬನ್ನ ತೀರಾ ಕೆಳಗೆ ಹಾಕಿಬಿಟ್ಟಿದ್ದಾನೆ. ಆಮೇಲೆ ಮೇಲೆ ಸರಿಯಾಗಿ, ಆಳವಾಗಿ ಹಾಕಿದ್ದಾನೆ. ತಪ್ಪಿದ್ದನ್ನ ಅಳಿಸೋಕಾಗಲ್ಲವಲ್ಲ, ಕಲ್ಲು. ಹಂಗೇ ಉಳೀತು."

"ಹಾಕಿದ್ದಾಳೆ ಅಂತ ಯಾಕೆ ಹೇಳಲ್ಲ?"

ಮೇಡಂ ಟೋಪಿ ಹಿಂದಕ್ಕೆ ಸರಿಸಿ ನನ್ನನ್ನೇ ನೋಡಿದರು. "ಹೇಳಬಹುದು. ಯಾರಿಗೆ ಗೊತ್ತು?"

ಈ ಅಂಶವನ್ನು ಅವರು ಒಪ್ಪಿದ್ದನ್ನು ದಾಖಲಿಸುತ್ತೇನೆ.

ಗೋಡೆಗಳನ್ನೂ ತೋರಿಸಿದರು. ಹೊರಗಿನ ಸುತ್ತಿನ ಬುಡದಲ್ಲಿ ಮನುಷ್ಯರೆತ್ತರದ ಕಲ್ಲುಗಳಿವೆ, ಅರ್ಧ ಮಣ್ಣಿನಲ್ಲಿ ಹೂತಿವೆ. ಇಷ್ಟು ವರ್ಷ ಅವುಗಳ ತಲೆಯ ಮೇಲೆ ಕೂತು ನಾನು ಕಾಲಾಡಿಸಿದ್ದೇನೆ. ಕಂಡಿಯ ಬಳಿ ಮಣ್ಣಿನಲ್ಲಿ ಮಡಕೆಯ ಚೂರುಗಳು, ಹೆಜ್ಜೆಗೊಂದು.

"ಇಷ್ಟು ಮೇಲೆ ಇದ್ದೋರು ನೀರಿಗೆ ಏನು ಮಾಡ್ತಿದ್ರು?"

"ಮೇಲೆಲ್ಲೂ ನೀರಿನ ಗುರುತಿಲ್ಲ. ಕೆಳಗಿನ ತೊರೆಯಿಂದ ಹೊತ್ತು ತರ್ತಿದ್ರು ಅನ್ಸುತ್ತೆ. ಬಾಗಿಲ ಹತ್ರ ಬಂದು ಕೈ ಸೋತು ಬಿಟ್ಟಿರೋವು ಇವು."

"ಹೊರ್ತಿದ್ದೋರು ಯಾರು?"

"ಅದು ಚೂರಿಂದ ಗೊತ್ತಾಗಲ್ಲ."

ನನಗೆ ಗೊತ್ತು. ಯಾರದೋ ಅಕ್ಕ.

ಮಾರ್ಚ್ ೧೯, ಬುಧವಾರ

ಸಂಜೆ ಬೆಟ್ಟದ ಮೇಲೆ ಗೂಟಗಳು. ಒಂದು ಗೂಟ ಹಗ್ಗದೊಳಗೆ, ದೊಡ್ಡ ಎತ್ತಿನ ಕೊರಳ ಹತ್ತಿರ. ಪುರಸಭೆಯ ಇಂಜಿನಿಯರ್ ಕೆಲಸದವರಿಗೆ ಗುರುತು ತೋರಿಸುತ್ತಿದ್ದರು.

"ಸೋಮವಾರ ಬೆಳಿಗ್ಗೆ ಡ್ರಿಲ್ಲಿಂಗ್," ಅಂದರು ಖುಷಿಯಿಂದ. "ಬಂಡೆ ಎಷ್ಟು ಗಟ್ಟಿ ಅಂತ ನೋಡ್ಬಿಟ್ರೆ ತೊಟ್ಟಿ ಕೂರಿಸಿದ ಹಾಗೇ. ನಿಮ್ಮ ಬೀದಿಯವರ ಪುಣ್ಯ."

"ಈ ಬಂಡೆ ಬೋಳಲ್ಲ ಸಾರ್."

ಅವರು ಜೇಬಿನಿಂದ ಮಡಿಚಿದ ಕಾಗದ ತೆಗೆದರು. ನನ್ನ ಕರಪತ್ರ. "ಇದು ನಿಮ್ಮದೇ ಅಲ್ವಾ? ಮೊನ್ನೆ ಬೋಳು, ಇವತ್ತು ಅಲ್ಲ. ರಾತ್ರೋರಾತ್ರಿ ಕೂದಲು ಬಂತಾ ಇದಕ್ಕೆ?"

ಕೆಲಸದವರು ನಕ್ಕರು. ನನಗೂ ನಗು ಬರಬೇಕಿತ್ತು, ಮಾತು ಚೆನ್ನಾಗಿತ್ತು.

"ತೊಟ್ಟಿಗೆ ಬೇರೆ ಜಾಗ ಇಲ್ವಾ?"

"ಇಲ್ಲದೆ ಏನು, ಇದೆ. ಹೊರಗಿನ ಗೋಡೆ ಆಚೆ, ಅಗೋ ಅಲ್ಲಿ, ಬೆಟ್ಟದ ಹೆಗಲು. ಆದ್ರೆ ತಗ್ಗು. ಕಂಬ ಎಬ್ಬಿಸಿ ಅದರ ಮೇಲೆ ತೊಟ್ಟಿ ಕೂರಿಸ್ಬೇಕು. ತುದಿಲಾದ್ರೆ ನೆಲದ ಮೇಲೇ ಕೂರುತ್ತೆ."

"ಅಲ್ಲಿಂದ ನಮ್ಮ ಬೀದಿಗೆ ನೀರು ಹತ್ತುತ್ತಾ?"

"ಕೊನೇ ಮನೆವರೆಗೂ ಹತ್ತುತ್ತೆ. ಕೆಲಸ ಮಾತ್ರ ಇನ್ನೊಂದು ಬೇಸಿಗೆಗೆ ಹೋಗುತ್ತೆ. ಯಾರಮ್ಮ ಕಾಯ್ತಾರೆ?"

ಮೇಡಂ ಗೂಟದ ಪಕ್ಕದಲ್ಲೇ ಬಂಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೆತ್ತನೆಯ ಮೇಲೇ ಗೆರೆ ಎಳೆದು ನಕಲು ಮಾಡುತ್ತಿದ್ದರು, ಬೇಗ ಬೇಗ. "ನನ್ನ ವರದಿ ಹೋಗೋಕೆ ಇನ್ನೂ ಒಂದು ತಿಂಗಳು ಬೇಕು. ಅಷ್ಟರಲ್ಲಿ ಇದು ಇರಲ್ಲ," ಎಂದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಯಾರನ್ನಾದರೂ ಚೆನ್ನಾಗಿ ಬೈದು ಬರೆಯೋಣ ಎಂದು ಕೂತೆ. ಯಾರನ್ನು ಎಂದು ಹೊಳೆಯಲಿಲ್ಲ.

ಮಾರ್ಚ್ ೨೦, ಗುರುವಾರ

ಮೊದಲು ಅಕ್ಕನಿಗೆ ಹೇಳಬೇಕಿತ್ತು, ಹೇಳಿದೆ. ಇಬ್ಬರೂ ಬೆಡ್‌ಶೀಟು ಮಡಿಸುತ್ತಿದ್ದೆವು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬಂಡೆಯ ಮೇಲೆ ಏನಿದೆ, ಸೋಮವಾರ ಏನಾಗುತ್ತದೆ, ಕಂಬದ ಮೇಲಿನ ತೊಟ್ಟಿಗೆ ಎಷ್ಟು ತಡ, ಎಲ್ಲ.

ಅಕ್ಕ ಮಡಿಸುವುದನ್ನು ನಿಲ್ಲಿಸಿದಳು. "ಇನ್ನೊಂದು ಬೇಸಿಗೆ ತನಕ ಆಸ್ಪತ್ರೆಯವರು ಕಾಯ್ತಾರೇನೇ?"

"ಇಲ್ಲ."

"ಗೊತ್ತಿದ್ದೂ ಹೇಳ್ತಿದೀಯ."

"ಗೊತ್ತಿದ್ದೇ ಹೇಳ್ತಿದೀನಿ."

"ಸುಮ್ನೆ ಇದ್ದುಬಿಡು. ಬೋಳು ಅಂತ ಬರೆದಿದೀಯ. ಮಧ್ಯಾಹ್ನ ಬೋಳೇ ತಾನೆ? ಸುಳ್ಳೇನು ಬಂತು ಅದರಲ್ಲಿ?"

ಇದಕ್ಕೆ ಉತ್ತರ ನಾನು ಓದಿದ ಯಾವ ಕರಪತ್ರದಲ್ಲೂ ಇರಲಿಲ್ಲ. ಒಂದು ಸಲ ಬಂದು ನೋಡು ಎಂದೆ. ಅವಳು ತನ್ನ ತುದಿಯನ್ನು ಕೈಬಿಟ್ಟು ಒಳಗೆ ಹೋದಳು. ಬೆಡ್‌ಶೀಟು ನೆಲಕ್ಕೆ ಬಿತ್ತು; ಅದನ್ನು ಮತ್ತೆ ಒಗೆಯಬೇಕು. ಸ್ವಲ್ಪ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಂದಳು.

"ನಡಿ. ನನ್ನ ನಲ್ಲಿ ನುಂಗಿದ ಎತ್ತು ಯಾವುದು ಅಂತ ನೋಡೇಬಿಡ್ತೀನಿ."

ದಾರಿಯುದ್ದಕ್ಕೂ ಬೈದಳು. ನನ್ನನ್ನು, ಬೆಟ್ಟವನ್ನು, ಇಷ್ಟು ಎತ್ತರದಲ್ಲಿ ಮನೆ ಮಾಡಿದ ಹಳಬರನ್ನು. ಮೇಲೆ ಹೋದಾಗ ಬಿಸಿಲು ಇನ್ನೂ ಇತ್ತು, ಬಂಡೆ ಖಾಲಿ. "ಎಲ್ಲೇ?" ಎಂದಳು. ಕೂತ್ಕೋ ಎಂದೆ. ಮೇಡಂ ತಮ್ಮ ಮಂಡಿ ಮೆತ್ತೆಯನ್ನು ಅವಳ ಕಡೆ ಸರಿಸಿದರು. ಅಕ್ಕ ಸುಮ್ಮನೆ ಕೂತದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಬಿಸಿಲು ಅಡ್ಡವಾಯಿತು. ಮಂದೆ ಬಂತು.

ಅಕ್ಕ ಬಹಳ ಹೊತ್ತು ದೊಡ್ಡ ಎತ್ತನ್ನೇ ನೋಡಿದಳು. "ಇದಕ್ಕೊಂದು ಹೆಸರಿಟ್ಟಿರ್ತಾರೆ," ಅಂದಳು.

ಇಳಿಯುವಾಗ ಮತ್ತೆ ಮೊದಲಿನ ಅಕ್ಕನೇ. "ಕಂಬದ ಮೇಲೆ ತೊಟ್ಟಿ ಅಂತ ಆ ಇಂಜಿನಿಯರ್ರು ನಿನ್ನ ಹತ್ರ ಹೇಳಿದ್ರೆ ಸಾಲದು. ಬೀದಿಗೆ ಬೀದಿನೇ ನಿಂತಿರೋವಾಗ ಹೇಳ್ಬೇಕು. ಇಲ್ಲಾಂದ್ರೆ ಎತ್ತೂ ಹೋಯ್ತು, ನೀರೂ ಹೋಯ್ತು."

"ಆಸ್ಪತ್ರೆಯವರು?"

"ನಾನೇ ಹೋಗಿ ಮಾತಾಡ್ತೀನಿ. ಪೂರ್ತಿ ಬೇಡ, ಒಂದು ವಾರ್ಡಿಂದು ಕೊಡಿ ಅಂತೀನಿ. ನೀರು ಹೊರೋಕೆ ಮನೇಲಿ ಇಬ್ಬರಿದೀವಿ ಅಂತೀನಿ. ಕೊಟ್ರೆ ಕೊಟ್ರು."

ಕೊಡುತ್ತಾರೆ. ಅವಳ ಹಾಗೆ ಇಸ್ತ್ರಿ ಮಾಡುವವರು ಇನ್ನೊಬ್ಬರಿಲ್ಲ.

ಮಾರ್ಚ್ ೨೧, ಶುಕ್ರವಾರ

ಬೆಳಿಗ್ಗೆ ಪ್ರೆಸ್ಸಿನಲ್ಲಿ ಹೊಸ ಕರಪತ್ರ ಜೋಡಿಸಿದೆ. ಮಾವ ಮೊದಲ ಸಾಲು ಓದಿದರು: "ಹೋದ ಸಲ ನಾನು ಬರೆದದ್ದು ತಪ್ಪು."

"ಇದನ್ನ ಸಣ್ಣಕ್ಷರದಲ್ಲಿ ಕೆಳಗೆ ಹಾಕ್ತಾರಮ್ಮ ಎಲ್ಲರೂ. ತಿದ್ದುಪಡಿ ಅಂತ."

"ಬೋಳು ಅಂತ ಯಾವ ಮೊಳೇಲಿ ಹಾಕಿದ್ವೋ ಅದೇ ಮೊಳೇಲಿ ಹಾಕಿ ಮಾವ."

ಮಾವ ದೊಡ್ಡ ಮೊಳೆಯ ಖಾನೆ ಎಳೆದರು. ಉಳಿದದ್ದರಲ್ಲಿ ಒಂದೇ ಒಂದು ಅಲ್ಪವಿರಾಮ ತಿದ್ದಿದರು.

ಮಧ್ಯಾಹ್ನ ಇಂಜಿನಿಯರ್ ಕಚೇರಿಗೆ ಹೋದೆ. ಭಾನುವಾರ ಬೆಟ್ಟಕ್ಕೆ ಬರಬೇಕು ಎಂದೆ.

"ಭಾನುವಾರ ನನಗೆ ರಜೆ."

"ನಮ್ಮ ಬೀದಿ ನೀರಿಗೆ ನಾನು ಹುಟ್ಟಿದಾಗಿಂದ ರಜೆ ಸಾರ್."

ಅವರು ಪೆನ್ನು ಕೆಳಗಿಟ್ಟರು. "ಬರ್ತೀನಿ, ಸದಸ್ಯರನ್ನೂ ಕರ್ಕೊಂಡು ಬರ್ತೀನಿ. ಎಲ್ಲರ ಕಣ್ಣಿಗೂ ಕಂಡ್ರೆ ಸೋಮವಾರದ ಡ್ರಿಲ್ಲಿಂಗ್ ನಿಲ್ಲುತ್ತೆ, ಕಂಬದ ಮಾತು ಅಲ್ಲೇ ಬೀದಿಯವರ ಮುಂದೆ ಆಡ್ತೀನಿ. ಕಾಣದೆ ಹೋದ್ರೆ ಮಾತ್ರ ಡ್ರಿಲ್ಲಿಂಗ್ ಮಷೀನಿನ ಪಕ್ಕದಲ್ಲಿ ನೀವೇ ನಿಂತ್ಕೊಂಡು ಕೆಲಸ ಶುರು ಮಾಡಿಸ್ಬೇಕು. ಒಪ್ಪಿಗ್ಯಾ?"

"ಒಪ್ಪಿಗೆ."

"ಮೋಡ ಬಂದ್ರೆ?"

"ಬರಲ್ಲ."

ಮನೆಮನೆಗೂ ನಾನೇ ಹಂಚಿದೆ. ದರ್ಜಿ ಓದಿ, ನನ್ನೆದುರಿಗೇ ನಾಲ್ಕು ಚೂರು ಮಾಡಿದ. "ನಿನ್ನ ಮಾತು ನಂಬಿ ಮೇಲೆ ಬಂದಿದ್ದೆ. ನಮ್ಮಮ್ಮನಿಗೆ ಇನ್ನೊಂದು ಬೇಸಿಗೆ ಇದೆಯೋ ಇಲ್ಲವೋ ನಿನಗೆ ಗೊತ್ತಾ?"

ಗೊತ್ತಿಲ್ಲ ಎಂದೆ. ಭಾನುವಾರ ಬಂದು ಇದೇ ಮಾತನ್ನು ಇಂಜಿನಿಯರ್ ಮುಂದೆ ಕೇಳಿ, ಕೆಲಸ ಬೇಗ ಆಗಬೇಕಾದರೆ ಕೇಳುವವರು ಬೇಕು, ನಲ್ಲಿ ಬರುವ ತನಕ ಅಮ್ಮನಿಗೆ ದಿನಕ್ಕೊಂದು ಕೊಡ ನೀರು ನಾನು ತಂದುಕೊಡುತ್ತೇನೆ ಎಂದೆ. ಹಿಂದಿರುಗಿ ನೋಡಿದಾಗ ಅವನು ಚೂರುಗಳನ್ನು ಆರಿಸಿಕೊಂಡು ಮೇಜಿನ ಮೇಲೆ ಜೋಡಿಸುತ್ತಿದ್ದ.

ಕಂಡಕ್ಟರ್ ತಾತ ಮಾತ್ರ ಸೀಟಿ ಹುಡುಕತೊಡಗಿದರು. "ಮತ್ತೆ ಹತ್ತಬೇಕೇನಮ್ಮಾ? ಹೋದ ಸಲದ ಮಂಡಿನೋವೇ ಇಳಿದಿಲ್ಲ."

"ಈ ಸಲ ನೋಡೋಕೆ ಏನಾದ್ರೂ ಇರುತ್ತೆ ತಾತ."

ಬರುತ್ತಾರೆ. ಎಲ್ಲರೂ ಬರುತ್ತಾರೆ, ಬೈಯಲಿಕ್ಕಾದರೂ. ಮೇಡಂ ಹಗ್ಗ ಬಿಚ್ಚಿಡುತ್ತಾರೆ. ಯಾರೂ ಬಂಡೆ ತುಳಿಯದ ಹಾಗೆ ಅಕ್ಕ ನೋಡಿಕೊಳ್ಳುತ್ತಾಳೆ, ಅವಳ ಒಂದು ಗದರಿಕೆ ಸಾಕು. ಕರಪತ್ರದ ಕೊನೆಯ ಸಾಲುಗಳನ್ನು ಇಲ್ಲಿಯೂ ಬರೆದಿಡುತ್ತೇನೆ:

ನಮಗೆ ನೀರೂ ಬೇಕು, ಈ ಬಂಡೆಯೂ ಬೇಕು. ಎರಡನ್ನೂ ಕೇಳಲು ಬನ್ನಿ. ಬೇಗ ಬಂದವರಿಗೆ ಏನೂ ಕಾಣುವುದಿಲ್ಲ, ಕೂತು ಕಾಯಬೇಕು. ಕೋಟೆಯ ಎರಡನೇ ಗೋಡೆಯ ಕಂಡಿಯ ಬಳಿ, ಮಾರ್ಚ್ ೨೩, ಭಾನುವಾರ, ಸಂಜೆ ಐದೂವರೆಗೆ.